ನಾಯಿಗೆ ಯಾವ ಹಣ್ಣು ಕೊಡಬಹುದು? ದಾವಣಗೆರೆ, ದುರ್ಗದ ಮನೆಗಳಿಗೆ ಬೇಕಾದ ಲೆಕ್ಕ

ಮಾರ್ಚ್ ಬಂತೆಂದರೆ ದಾವಣಗೆರೆಯ ಪಿ.ಬಿ. ರಸ್ತೆಯ ಅಂಚಿನಲ್ಲಿ ಕಲ್ಲಂಗಡಿ ರಾಶಿ ಬೀಳುತ್ತದೆ. ಅದರ ಹಿಂದೆಯೇ ಮಾವು, ಮಾವು ಮುಗಿಯುವ ಹೊತ್ತಿಗೆ ನೇರಳೆ, ಮಳೆ ಹಿಡಿದ ಮೇಲೆ ದುರ್ಗದ ಗುಡ್ಡಗಳ ಸೀತಾಫಲ. ಮನೆಯಲ್ಲಿ ನಾಯಿ ಇದ್ದರೆ, ಹಣ್ಣು ಹೆಚ್ಚಲು ಕೂತವರ ಎದುರಿಗೆ ಬಂದು ಕೂತು ಕೈಯನ್ನೇ ನೋಡುತ್ತದೆ. ಒಂದು ಚೂರು ಹಾಕದೆ ಇರಲು ಯಾರಿಗೂ ಮನಸ್ಸಾಗುವುದಿಲ್ಲ. ಮೊದಲೆಲ್ಲ ಮುದ್ದೆ, ಅನ್ನ, ಮಜ್ಜಿಗೆ ತಿಂದು ಅಂಗಳ ಕಾಯುತ್ತಿದ್ದ ನಾಯಿ ಈಗ ಪೇಟೆಯ ಮನೆಗಳಲ್ಲಿ ಒಳಗೇ ಇರುತ್ತದೆ. ಮನೆಯವರು ತಿನ್ನುವುದರಲ್ಲೆಲ್ಲ ಅದಕ್ಕೂ ಒಂದು ಪಾಲು. ಹಾಗಾಗಿ ಈ ಪ್ರಶ್ನೆ ಈಗ ದಿನಾ ಏಳುತ್ತದೆ: ಇದನ್ನು ನಾಯಿಗೆ ಕೊಡಬಹುದಾ?

ಉತ್ತರವಾಗಿ ನಮ್ಮ ಫೋನಿಗೆ ಬಂದು ಬೀಳುವುದು ಬೇರೆ ದೇಶದ ಅಡುಗೆಮನೆಗೆ ಮಾಡಿದ ಪಟ್ಟಿ. ಬ್ಲೂಬೆರ್ರಿ ಕೊಡಿ, ಕ್ರ್ಯಾನ್‌ಬೆರ್ರಿ ಕೊಡಿ, ಚೆರ್ರಿಯ ಬೀಜ ತೆಗೆಯಿರಿ, ಪೀಚ್ ಹುಷಾರು. ಅದರಲ್ಲಿ ಹೇಳಿದ್ದು ಸುಳ್ಳಲ್ಲ. ಆದರೆ ಚಳ್ಳಕೆರೆಯ ಮನೆಯ ಅಂಗಳದಲ್ಲಿ ಒಣಗಲು ಹರವಿದ ಹುಣಸೆಹಣ್ಣು ಆ ಪಟ್ಟಿಯಲ್ಲಿ ಇಲ್ಲ. ಚನ್ನಗಿರಿ ಕಡೆಯ ಅಡಿಕೆ ಇಲ್ಲ, ಸೀತಾಫಲದ ಬೀಜ ಇಲ್ಲ, ಪೂಜೆಯ ಸಜ್ಜಿಗೆಯೊಳಗಿನ ದ್ರಾಕ್ಷಿ ಇಲ್ಲ. ನಮ್ಮ ಸೀಮೆಯ ನಾಯಿಗೆ ಹಣ್ಣಿನಿಂದ ತೊಂದರೆಯಾಗುವುದಿದ್ದರೆ ಅದು ಬಹುಮಟ್ಟಿಗೆ ಈ ಪಟ್ಟಿಯ ಹೊರಗಿನಿಂದಲೇ ಬರುತ್ತದೆ. ಪಟ್ಟಿಯನ್ನು ನಮ್ಮ ಕಾಲಮಾನಕ್ಕೆ, ನಮ್ಮ ತಿನಿಸಿಗೆ ತಕ್ಕ ಹಾಗೆ ನಾವೇ ಬರೆದುಕೊಳ್ಳಬೇಕು.

ಮೊದಲು ಒಂದು ಮೂಲಭೂತ ಸಂಗತಿ. ನಾಯಿಗೆ ಹಣ್ಣು ಇಷ್ಟ, ಆದರೆ ಅಗತ್ಯವಿಲ್ಲ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದಿಲ್ಲ, ನಾಯಿಗೆ ಚೆನ್ನಾಗಿ ತಿಳಿಯುತ್ತದೆ. ಅದಕ್ಕೇ ಬಾಳೆಹಣ್ಣಿನ ಸಿಪ್ಪೆ ಸುಲಿಯುವ ಸದ್ದಿಗೆ ಎದ್ದು ಬರುತ್ತದೆ. ನಾವು ಹಣ್ಣು ತಿನ್ನಲು ಹೇಳಿಕೊಳ್ಳುವ ದೊಡ್ಡ ಕಾರಣ ವಿಟಮಿನ್ ಸಿ. ನಾಯಿಯ ಯಕೃತ್ತು ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇನ್ನೊಂದು ಕಡೆ, ನಾಯಿ ಬರೀ ಮಾಂಸಾಹಾರಿ, ಹಣ್ಣು ಮುಟ್ಟಿಸಲೇಬಾರದು ಎನ್ನುವವರ ಮಾತೂ ಅತಿಯಾಯಿತು. ಮನುಷ್ಯನ ಜೊತೆ ಬಾಳಿದ ಸಾವಿರಾರು ವರ್ಷಗಳಲ್ಲಿ ನಾಯಿಗೆ ಪಿಷ್ಟ ಜೀರ್ಣಿಸುವ ಶಕ್ತಿ ತೋಳಕ್ಕಿಂತ ಹೆಚ್ಚಿತು ಎಂದು 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ವಂಶವಾಹಿ ಅಧ್ಯಯನ ತೋರಿಸಿದೆ. ನಮ್ಮ ಹಳ್ಳಿಯ ನಾಯಿಗಳು ರಾಗಿಮುದ್ದೆ ತಿಂದು ಗಟ್ಟಿಮುಟ್ಟಾಗಿ ಬದುಕಿದ್ದು ಕಣ್ಣೆದುರೇ ಇದೆ. ಹಣ್ಣು ಅಪರೂಪಕ್ಕೆ ಕೊಡುವ ಪ್ರೀತಿಯ ತಿನಿಸು, ಅಷ್ಟೇ.

ಅಪರೂಪ ಎಂದರೆ ಎಷ್ಟು? ಪಶುವೈದ್ಯರು ಬಳಸುವ ಅಳತೆ ಸರಳವಾಗಿದೆ: ದಿನದ ಒಟ್ಟು ಆಹಾರದ ಕ್ಯಾಲೊರಿಯಲ್ಲಿ ಮೇಲುತಿನಿಸಿನ ಪಾಲು ಶೇ 10 ದಾಟಬಾರದು. 10 ಕೆ.ಜಿ. ತೂಕದ, ಮನೆಯಲ್ಲೇ ಇರುವ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಸಾಕು. ಅದರ ಹತ್ತನೇ ಒಂದು ಪಾಲು 60. ಒಂದು ಏಲಕ್ಕಿ ಬಾಳೆಹಣ್ಣಿನಲ್ಲಿ ಹೆಚ್ಚುಕಡಿಮೆ 50 ಇರುತ್ತದೆ. ಅಂದರೆ ಬೆಳಿಗ್ಗೆ ದೇವರ ಮುಂದಿನ ಒಂದು ಬಾಳೆಹಣ್ಣು ಕೊಟ್ಟರೆ ಆ ದಿನದ ಬಿಸ್ಕತ್ತು, ಬೆಣ್ಣೆದೋಸೆಯ ತುಂಡು ಎಲ್ಲದರ ಲೆಕ್ಕವೂ ಮುಗಿಯಿತು. ಆರೇಳು ಕೆ.ಜಿ. ತೂಗುವ ಪಮೇರಿಯನ್‌ಗೆ ಅರ್ಧ ಹಣ್ಣೇ ಸಾಕು. ಪಚ್ಚಬಾಳೆ ಒಂದರಲ್ಲಿ 100ರ ಆಸುಪಾಸು ಕ್ಯಾಲೊರಿ ಇರುವುದರಿಂದ ಸಣ್ಣ ನಾಯಿಗೆ ಇಡೀ ಹಣ್ಣು ಬೇಡವೇ ಬೇಡ. ಕಲ್ಲಂಗಡಿಯಲ್ಲಿ 100 ಗ್ರಾಂಗೆ 30, ಪರಂಗಿಯಲ್ಲಿ 43, ಮಾವಿನಲ್ಲಿ 60, ಸಪೋಟದಲ್ಲಿ 80ಕ್ಕೂ ಮೇಲು. ಲ್ಯಾಬ್ರಡಾರ್ ಜಾತಿಯ ನಾಯಿಗಳು ಬೊಜ್ಜು ಬಂದು ಮೆಟ್ಟಿಲು ಹತ್ತಲು ಏದುಸಿರು ಬಿಡುವುದು ಈಗ ಊರಲ್ಲೆಲ್ಲ ಕಾಣುತ್ತದೆ. ಮನೆಯಲ್ಲಿ ಐವರಿದ್ದು ಐವರೂ ಒಂದೊಂದು ಹೋಳು ಹಾಕಿದರೆ ಯಾರ ಲೆಕ್ಕಕ್ಕೂ ಅದು ಸಿಗುವುದಿಲ್ಲ. ಸಕ್ಕರೆ ಕಾಯಿಲೆ ಇರುವ ನಾಯಿಗೆ ವೈದ್ಯರನ್ನು ಕೇಳದೆ ಯಾವ ಸಿಹಿ ಹಣ್ಣೂ ಕೊಡಬಾರದು.

ಇನ್ನು ಜೀವಕ್ಕೇ ಅಪಾಯ ತರುವ ವಿಷಯ, ದ್ರಾಕ್ಷಿ. ಹಸಿ ದ್ರಾಕ್ಷಿಯೂ ಒಣದ್ರಾಕ್ಷಿಯೂ ಕೆಲವು ನಾಯಿಗಳ ಕಿಡ್ನಿಯನ್ನು ಎರಡು ಮೂರು ದಿನದಲ್ಲಿ ಕೆಡಿಸಿಬಿಡುತ್ತವೆ. ಅಮೆರಿಕದ ಪ್ರಾಣಿ ವಿಷ ಸಹಾಯವಾಣಿಯ ವೈದ್ಯರು ತಮಗೆ ಬಂದ ಕರೆಗಳಲ್ಲಿ ಈ ಸಂಬಂಧ ಗುರುತಿಸಿ 2001ರಲ್ಲಿ ವೈದ್ಯಕೀಯ ಪತ್ರಿಕೆಗೆ ಬರೆದರು. ಕಾರಣ ಮಾತ್ರ ಇಪ್ಪತ್ತು ವರ್ಷ ಯಾರಿಗೂ ತಿಳಿಯಲಿಲ್ಲ. ಕೀಟನಾಶಕವೇ, ಬೂಷ್ಟೇ ಎಂದೆಲ್ಲ ಹುಡುಕಿದರು. ಒಂದು ನಾಯಿ ಬುಟ್ಟಿ ಹಣ್ಣು ತಿಂದೂ ಆಡಿಕೊಂಡಿರುತ್ತಿತ್ತು, ಇನ್ನೊಂದು ಹಿಡಿಯಷ್ಟು ತಿಂದು ಸಾಯುತ್ತಿತ್ತು. ಸುಳಿವು ಸಿಕ್ಕಿದ್ದು ಮಕ್ಕಳ ಆಟದ ಹಿಟ್ಟಿನಿಂದ. ಮನೆಯಲ್ಲೇ ಮಾಡಿದ ಅಂಥ ಹಿಟ್ಟು ತಿಂದ ನಾಯಿಗೆ ದ್ರಾಕ್ಷಿ ತಿಂದಾಗ ಆಗುವಂಥದ್ದೇ ಕಿಡ್ನಿ ತೊಂದರೆ ಕಾಣಿಸಿಕೊಂಡಿತು. ಆ ಹಿಟ್ಟಿಗೆ ಹಾಕಿದ್ದು ಕ್ರೀಮ್ ಆಫ್ ಟಾರ್ಟರ್, ಅಂದರೆ ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯಲ್ಲಿ ಹೇರಳವಾಗಿರುವುದೂ ಅದೇ ಆಮ್ಲ, ಅದೂ ತಳಿಯಿಂದ ತಳಿಗೆ, ಹಣ್ಣಿನ ಮಾಗುವಿಕೆಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತದೆ. ಹಾಗಾಗಿ ಒಂದು ನಾಯಿ ಬದುಕಿ ಇನ್ನೊಂದು ಸತ್ತದ್ದಕ್ಕೂ ಅರ್ಥ ಸಿಕ್ಕಿತು. 2021ರಲ್ಲಿ ಅದೇ ಸಹಾಯವಾಣಿಯ ವೈದ್ಯರು ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂದು ಮುಂದಿಟ್ಟರು. ಮರುವರ್ಷ ಬಂದ ವರದಿಯಲ್ಲಿ ಇನ್ನೊಂದು ಹೆಸರು ಸೇರಿತು.

ಹುಣಸೆ.

ದ್ರಾಕ್ಷಿಯಲ್ಲಿ ಟಾರ್ಟಾರಿಕ್ ಆಮ್ಲ ಸಾಮಾನ್ಯವಾಗಿ ಶೇ 1ರ ಆಸುಪಾಸು. ಹುಣಸೆಯ ತಿರುಳಿನಲ್ಲಿ ಶೇ 8ರಿಂದ 18. ಹುಣಸೆ ತಿಂದ ಮೇಲೆ ನಾಯಿಯ ಕಿಡ್ನಿ ಕೆಟ್ಟದ್ದು ಆ ವರದಿಯಲ್ಲಿ ದಾಖಲಾಗಿದೆ. ಹೊರದೇಶದ ಮನೆಗಳಲ್ಲಿ ಹುಣಸೆ ಅಪರೂಪದ ಸಾಮಾನು, ಅವರ ಪಟ್ಟಿಯಲ್ಲಿ ಅದಿಲ್ಲದಿದ್ದರೆ ನಷ್ಟ ಸ್ವಲ್ಪ. ಹಿರಿಯೂರು, ಚಳ್ಳಕೆರೆ ಕಡೆಯ ಊರುಗಳಲ್ಲಿ ಹಾಗಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮರ ಬಡಿದು ಕಾಯಿ ಉದುರಿಸಿ, ಚಾಪೆಯ ಮೇಲೆ ಹರವಿ, ಸಿಪ್ಪೆ ಒಡೆದು, ನಾರು ಎಳೆದು, ಕೊಡತಿಯಿಂದ ಕುಟ್ಟಿ ಬೀಜ ಬೇರೆ ಮಾಡುವ ಕೆಲಸ ಅಂಗಳದಲ್ಲೇ ನಡೆಯುತ್ತದೆ. ಸುತ್ತ ಹೆಣ್ಣುಮಕ್ಕಳು, ಬದಿಯಲ್ಲಿ ಮಲಗಿದ ನಾಯಿ. ಬಹುತೇಕ ನಾಯಿಗಳು ಹುಳಿಗೆ ಮೂಗು ಮುರಿದು ಎದ್ದು ಹೋಗುತ್ತವೆ, ಅದೇ ಅವನ್ನು ಕಾದಿರುವುದು. ಆದರೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮರಿಗೆ ಆ ವಿವೇಕ ಇರುವುದಿಲ್ಲ. ಹುಣಸೆಗೆ ಬೆಲ್ಲ ಬೆರೆಸಿ ಕುಟ್ಟಿ ಕಡ್ಡಿಗೆ ಅಂಟಿಸಿದ ಚಿಗಳಿಯ ವಿಷಯವಂತೂ ಬೇರೆಯೇ. ಮಗು ನೆಕ್ಕಿ ನೆಕ್ಕಿ ಸಾಕಾಗಿ ನಾಯಿಯ ಮುಂದೆ ಹಿಡಿಯುತ್ತದೆ. ಬೆಲ್ಲದ ಆಸೆಗೆ ನಾಯಿ ಕಡ್ಡಿ ಸಮೇತ ನುಂಗುತ್ತದೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಹಾಗಿದ್ದರೆ ಸಾರನ್ನ ತಿಂದ ನಾಯಿಗಳೆಲ್ಲ ಏನಾಗಬೇಕಿತ್ತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಿಂಬೆಗಾತ್ರದ ಹುಣಸೆ ಪಾತ್ರೆ ಸಾರಿಗೆ ಬಿದ್ದು, ಅದರಲ್ಲಿ ಒಂದು ಸೌಟು ನಾಯಿಗೆ ಹೋದರೆ ಅದರ ಪಾಲಿಗೆ ಬರುವುದು ಅತ್ಯಲ್ಪ. ಗಟ್ಟಿ ಪುಳಿಯೋಗರೆ ಗೊಜ್ಜು, ಹುಣಸೆ ತೊಕ್ಕು, ಬರೀ ಹಣ್ಣು ಇವೇ ಹೆದರಿಕೆಯವು. ಸಾರು ಬೇಡ ಎನ್ನಲು ಬೇರೆ ಕಾರಣವೇ ಇದೆ: ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಅನ್ನಕ್ಕೋ ಮುದ್ದೆಗೋ ಮಜ್ಜಿಗೆ ಕಲಸಿ ಹಾಕುವ ಹಳೆಯ ಪದ್ಧತಿಯೇ ಎಷ್ಟೋ ಮೇಲು.

ದ್ರಾಕ್ಷಿಗೆ ವಾಪಸ್ಸು ಬರೋಣ, ಏಕೆಂದರೆ ನಮ್ಮಲ್ಲಿ ಅದು ಹಣ್ಣಿನ ರೂಪದಲ್ಲಿ ನಾಯಿಗೆ ಸಿಗುವುದು ಕಡಿಮೆ. ಸಿಗುವುದು ತುಪ್ಪದಲ್ಲಿ ಹುರಿದು ಉಬ್ಬಿದ ಒಣದ್ರಾಕ್ಷಿಯಾಗಿ. ಸತ್ಯನಾರಾಯಣ ಪೂಜೆಯ ಸಜ್ಜಿಗೆ, ಕೇಸರಿಬಾತು, ಶ್ಯಾವಿಗೆ ಪಾಯಸ, ಪಂಚಾಮೃತ, ರಂಜಾನ್ ಹಬ್ಬದ ಶೀರ್ ಖುರ್ಮಾ, ಬೇಕರಿಯ ಪ್ಲಮ್ ಕೇಕು ಎಲ್ಲದರಲ್ಲೂ ಅದಿದೆ. ಸುಮಾರು ನಾಲ್ಕು ಕೆ.ಜಿ. ಹಸಿ ದ್ರಾಕ್ಷಿ ಒಣಗಿದರೆ ಒಂದು ಕೆ.ಜಿ. ಒಣದ್ರಾಕ್ಷಿ, ವಿಷವೂ ಅಷ್ಟೇ ಸಾಂದ್ರ. ಬೇಡವೆಂದರೆ ಹಿರಿಯರಿಂದ ಬರುವ ಮಾತು ಗೊತ್ತೇ ಇದೆ: "ಒಂದ್ ತುತ್ತು ಪ್ರಸಾದ ತಿಂದ್ರೆ ನಾಯಿಗೇನಾಗ್ತೈತಿ ಬಿಡ್ರಿ." ಪ್ರಸಾದ ಮನೆಯ ಎಲ್ಲ ಜೀವಕ್ಕೂ ಸೇರಬೇಕು ಎಂಬ ಭಾವ ದೊಡ್ಡದು, ಅದನ್ನು ತಳ್ಳಿಹಾಕುವ ಮಾತೇ ಇಲ್ಲ. ನೈವೇದ್ಯಕ್ಕಿಟ್ಟ ಬಾಳೆಹಣ್ಣಿನ ಎರಡು ಬಿಲ್ಲೆ ನಾಯಿಗೆ ಕೊಟ್ಟರೂ ಅದು ಪ್ರಸಾದವೇ. ಸಜ್ಜಿಗೆಯಿಂದ ದ್ರಾಕ್ಷಿ ಆರಿಸಿ ಕೊಡುತ್ತೇನೆ ಎಂದರೆ ಒಂದೆರಡು ಉಳಿದೇ ಉಳಿಯುತ್ತವೆ. ಕಪ್ಪು, ಹಸಿರು, ಬೀಜವಿದ್ದದ್ದು, ಇಲ್ಲದ್ದು, ಔಷಧ ಹೊಡೆಯದೆ ಬೆಳೆದದ್ದು ಎಂಬ ಭೇದವಿಲ್ಲ. ಇಷ್ಟರವರೆಗೆ ತಿಂದರೆ ತೊಂದರೆಯಿಲ್ಲ ಎಂದು ಹೇಳಬಹುದಾದ ಅಳತೆಯೂ ಇಲ್ಲ.

ವಿಷದ ಮಾತು ಬಿಟ್ಟರೆ ಉಳಿಯುವ ದೊಡ್ಡ ಅಪಾಯ ಬೀಜದ್ದು. ಮಾವಿನ ಹಣ್ಣು ತಿಂದಾದ ಮೇಲೆ ಗೊರಟೆಯನ್ನು ನಾಯಿಯ ಕಡೆಗೆ ಎಸೆಯುವುದು ಎಲ್ಲ ಮನೆಯಲ್ಲೂ ಕಾಣುವ ದೃಶ್ಯ. ನಾಯಿ ಮುಂಗಾಲಲ್ಲಿ ಅದುಮಿ ಹಿಡಿದು ನಾರು ನೆಕ್ಕುತ್ತದೆ, ನೋಡಲು ಚೆಂದ. ನೆಕ್ಕಿದಷ್ಟೂ ಗೊರಟೆ ಜಾರುತ್ತದೆ. ದೊಡ್ಡ ಬಾಯಿಯ ನಾಯಿಯಾದರೆ, ಪಕ್ಕದಲ್ಲಿ ಇನ್ನೊಂದು ನಾಯಿ ಬಂತೋ, ಮನೆಯವರು ಕಸಿದುಕೊಳ್ಳಲು ಕೈ ಚಾಚಿದರೋ, ಇಡಿಯಾಗಿ ನುಂಗಿಬಿಡುತ್ತದೆ. ಅದು ಹೊಟ್ಟೆಯಲ್ಲಿ ಕೆಲವು ದಿನ ಸುಮ್ಮನೆ ಇದ್ದು ಆಮೇಲೆ ಸಣ್ಣ ಕರುಳಿಗೆ ಇಳಿದು ಸಿಕ್ಕಿಕೊಳ್ಳಬಹುದು. ಮತ್ತೆ ಮತ್ತೆ ವಾಂತಿ, ಊಟ ಮುಟ್ಟದಿರುವುದು, ಬೆನ್ನು ಗೂನು ಮಾಡಿ ನಿಲ್ಲುವುದು, ಹೊಟ್ಟೆ ಮುಟ್ಟಿದರೆ ನರಳುವುದು, ಕಕ್ಕಸ್ಸು ನಿಲ್ಲುವುದು ಇದರ ಲಕ್ಷಣ. ಆಗ ಶಸ್ತ್ರಚಿಕಿತ್ಸೆ ಬಿಟ್ಟರೆ ದಾರಿಯಿರುವುದಿಲ್ಲ. ಗೊರಟೆ ಎಕ್ಸ್‌ರೇಯಲ್ಲಿ ಮೂಳೆಯಷ್ಟು ನಿಚ್ಚಳವಾಗಿ ಕಾಣುವುದಿಲ್ಲ, ಹಾಗಾಗಿ ವಾರದ ಹಿಂದೆ ಮಾವು ತಿಂದದ್ದನ್ನೂ ವೈದ್ಯರಿಗೆ ನಾವೇ ಹೇಳಬೇಕು. ಮಾವಿನ ಕಾಲದಲ್ಲಿ ಕಸದ ಬುಟ್ಟಿಗೆ ಗಟ್ಟಿ ಮುಚ್ಚಳ ಇರಲಿ. ತಿರುಳಿನ ನಾಲ್ಕು ಚೂರು ಕೊಟ್ಟರೆ ಯಾವ ತೊಂದರೆಯೂ ಇಲ್ಲ.

ಸೀತಾಫಲದ್ದು ಇನ್ನೊಂದು ಬಗೆ. ತಿರುಳು ವಿಷವಲ್ಲ, ಆದರೆ ಒಂದೊಂದು ತೊಳೆಯೊಳಗೂ ಒಂದು ಕರಿ ಬೀಜ. ಆ ಬೀಜವನ್ನು ಅರೆದು ಹೇನಿಗೆ ಹಚ್ಚುವ ರೂಢಿ ನಮ್ಮ ಹಳ್ಳಿಗಳಲ್ಲಿತ್ತು, ಕಣ್ಣಿಗೆ ತಾಗಬಾರದೆಂಬ ಎಚ್ಚರಿಕೆಯೂ ಅದರ ಜೊತೆಗೇ ಇತ್ತು. ಕೀಟ ಕೊಲ್ಲುವ ಆ ಗುಣ ಬೀಜದೊಳಗಿನ ಅಸಿಟೋಜೆನಿನ್ ಎಂಬ ರಾಸಾಯನಿಕಗಳದ್ದು. ಗಟ್ಟಿ ಸಿಪ್ಪೆಯ ಬೀಜ ಇಡಿಯಾಗಿ ಹೋದರೆ ಹಾಗೇ ಹೊರಬರುತ್ತದೆ. ನಾಯಿ ಕಟಕಟ ಕಡಿದರೆ ಒಳಗಿನದು ಬಿಚ್ಚಿಕೊಳ್ಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಅಷ್ಟು ಬೀಜ ಆರಿಸಿ ಕೊಡುವ ತಾಳ್ಮೆ ಇಲ್ಲದವರು ಸೀತಾಫಲವನ್ನು ನಾಯಿಗೆ ತೋರಿಸದಿರುವುದೇ ಒಳ್ಳೆಯದು. ಸಪೋಟದ ಬೀಜದ ತುದಿಯಲ್ಲಿ ಸಣ್ಣ ಕೊಕ್ಕೆಯಿದೆ, ಗಂಟಲಲ್ಲಿ ಸಿಕ್ಕುತ್ತದೆ. ಹಣ್ಣನ್ನು ನಾಲ್ಕು ಹೋಳು ಮಾಡಿ ಬೀಜ ಕಿತ್ತು, ಸಿಪ್ಪೆ ತೆಗೆದು, ಪೂರ್ತಿ ಮಾಗಿದ್ದನ್ನು ಮಾತ್ರ ಒಂದು ಹೋಳು ಕೊಡಬಹುದು. ಬೋರೆಹಣ್ಣು, ನೇರಳೆಯ ಬೀಜವೂ ಸಣ್ಣ ನಾಯಿಯ ಗಂಟಲಿಗೆ ಅಪಾಯವೇ. ಸೇಬಿನ ಬೀಜದಲ್ಲಿ ಸೈನೈಡ್ ಇದೆ ಎಂದು ಬಹಳ ಗದ್ದಲ. ಅಪ್ಪಿತಪ್ಪಿ ಒಂದೆರಡು ಹೋದರೆ ಏನೂ ಆಗದು, ನಡುವಿನ ಗಟ್ಟಿ ಭಾಗ ತೆಗೆದು ಕೊಟ್ಟರೆ ಮುಗಿಯಿತು.

ಹೊಸದುರ್ಗ, ಹಿರಿಯೂರಿನ ದಾಳಿಂಬೆಯ ಬಗ್ಗೆ ಕೇಳುವವರು ಬಹಳ. ಕಾಳು ವಿಷವಲ್ಲ, ಆದರೆ ಅದರ ಒಗರಿಗೆ, ಬೀಜಕ್ಕೆ ಹಲವು ನಾಯಿಗಳಿಗೆ ವಾಂತಿಯಾಗುತ್ತದೆ, ಸಿಪ್ಪೆ ಜೀರ್ಣವಾಗುವುದಿಲ್ಲ. ಅಷ್ಟು ಬೆಲೆಯ ಹಣ್ಣು ಕೊಟ್ಟು ವಾಂತಿ ಬಳಿಯುವ ಅಗತ್ಯವಿಲ್ಲ.

ಅಡಿಕೆಯನ್ನು ಯಾರೂ ನಾಯಿಗೆ ತಿನ್ನಲು ಕೊಡುವುದಿಲ್ಲ, ಆದರೂ ಇಲ್ಲಿ ಹೇಳಲೇಬೇಕು. ಚನ್ನಗಿರಿ, ಹೊಳಲ್ಕೆರೆ ಕಡೆ ಕೊಯ್ಲಿನ ಕಾಲದಲ್ಲಿ ಉದುರಿದ ಕೆಂಪು ಗೋಟು, ಅಂದರೆ ಹಣ್ಣಾದ ಅಡಿಕೆ, ಮರಿಗಳಿಗೆ ಆಟದ ಚೆಂಡಾಗುತ್ತದೆ. ಅಡಿಕೆಯೊಳಗಿನ ಅರೆಕೋಲಿನ್ ಕರುಳನ್ನು ಎಷ್ಟು ಜೋರಾಗಿ ಕೆರಳಿಸುತ್ತದೆ ಎಂದರೆ, ಹಿಂದೆ ಅದನ್ನೇ ನಾಯಿಯ ಹೊಟ್ಟೆಯ ಲಾಡಿಹುಳು ಹೊರಹಾಕುವ ಔಷಧವಾಗಿ ವೈದ್ಯರು ಬಳಸುತ್ತಿದ್ದರು. ಅಳತೆ ತಪ್ಪಿದರೆ ಜೊಲ್ಲು, ವಾಂತಿ, ಭೇದಿ, ನಡುಕ, ಎದೆಬಡಿತ ಇಳಿಯುವುದು. ಬೇಯಿಸಿದ ಅಡಿಕೆಯ ಚೊಗರು ತುಂಬಿದ ಪಾತ್ರೆಯನ್ನೂ ಮುಚ್ಚಿಡಬೇಕು.

ಧೈರ್ಯವಾಗಿ ಕೊಡಬಹುದಾದದ್ದು ಯಾವುದು? ಬೀಜ ತೆಗೆದ, ಹಸಿರು ಸಿಪ್ಪೆ ಬಿಟ್ಟ ಕಲ್ಲಂಗಡಿ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಇಲ್ಲಿ ಉಷ್ಣಾಂಶ 38–40 ಡಿಗ್ರಿ ಮುಟ್ಟಿದಾಗ ಸಣ್ಣ ಹೋಳು ಮಾಡಿ ಫ್ರಿಜ್ಜಿನಲ್ಲಿಟ್ಟು ಕೊಟ್ಟರೆ ನಾಯಿಗೆ ನೀರೂ ಆಯಿತು, ತಂಪೂ ಆಯಿತು. ಅದು ಕುಡಿಯುವ ನೀರಿಗೆ ಬದಲಿಯಾಗದು, ಬಟ್ಟಲು ತುಂಬಿಯೇ ಇರಬೇಕು. ಬೀಜ ತೆಗೆದ ಮಾಗಿದ ಪರಂಗಿ, ಸಿಪ್ಪೆ ಸುಲಿದ ಬಾಳೆ, ಸೇಬು, ಸೀಬೆಯ ತೆಳು ಹೋಳು ಆಗಬಹುದು. ಸೌತೆಕಾಯಿ ಬೊಜ್ಜಿನ ನಾಯಿಗೂ ಹೊಂದುತ್ತದೆ. ಕಿತ್ತಳೆಯ ಒಂದು ತೊಳೆ ಕೆಲವಕ್ಕೆ ಇಷ್ಟ, ನಿಂಬೆ ಬೇಡ. ತೆಂಗಿನಕಾಯಿ ಚೂರು ಸರಿ, ಆದರೆ ಹೋಳುಗಟ್ಟಲೆ ತಿಂದರೆ ಅದರ ಕೊಬ್ಬಿಗೆ ಭೇದಿ ಖಂಡಿತ. ಹೊಸ ಹಣ್ಣು ಮೊದಲ ಸಲ ಕೊಡುವಾಗ ಒಂದು ಚೂರು ಕೊಟ್ಟು ಮರುದಿನದವರೆಗೆ ನೋಡಬೇಕು. ಹಣ್ಣಿನ ಜ್ಯೂಸು, ಜಾಮು, ಮಸಾಲೆ ಉದುರಿಸಿದ ಮಾವಿನಕಾಯಿ ಯಾವುದೂ ಹಣ್ಣಿನ ಲೆಕ್ಕಕ್ಕೆ ಬರುವುದಿಲ್ಲ. ಸಕ್ಕರೆರಹಿತ ಎಂದು ಬರೆದ ಚೂಯಿಂಗ್ ಗಮ್, ಜಾಮಿನಲ್ಲಿ ಸಕ್ಕರೆಗೆ ಬದಲಾಗಿ ಹಾಕುವ ಕ್ಸೈಲಿಟಾಲ್ ಇದ್ದರಂತೂ ಸ್ವಲ್ಪವೇ ಸಾಕು, ನಾಯಿಯ ರಕ್ತದ ಸಕ್ಕರೆ ಒಂದು ಗಂಟೆಯೊಳಗೇ ಪಾತಾಳಕ್ಕಿಳಿಯಬಹುದು.

ಬೀದಿ ನಾಯಿಗಳಿಗೆ ಊಟ ಹಾಕುವವರಿಗೂ ಇದು ಸಂಬಂಧಿಸಿದ ಮಾತು. ಪ್ರತಿ ವಾರ್ಡಿನಲ್ಲಿ ಅವಕ್ಕೆ ಊಟದ ಜಾಗ ಗುರುತಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿತು. ಎಲ್ಲಿ ಹಾಕಬೇಕು ಎಂಬುದರ ಮೇಲೆ ಜಗಳಗಳೇ ನಡೆದವು, ಏನು ಹಾಕಬೇಕು ಎಂಬ ಚರ್ಚೆ ಆಗಲೇ ಇಲ್ಲ. ಕಲ್ಯಾಣಮಂಟಪದ ಎಂಜಲೆಲೆಯ ರಾಶಿಯಲ್ಲಿ ಪಾಯಸದ ದ್ರಾಕ್ಷಿ, ಈರುಳ್ಳಿ ಪಲ್ಯ, ಮಾವಿನ ಗೊರಟೆ ಎಲ್ಲವೂ ಇರುತ್ತವೆ. ಬೀದಿಯ ನಾಯಿ ಸತ್ತರೆ ಯಾವುದರಿಂದ ಸತ್ತಿತೆಂದು ಯಾರೂ ರಕ್ತ ಪರೀಕ್ಷೆ ಮಾಡಿಸುವುದಿಲ್ಲ. ಪಾಲಿಕೆ, ನಗರಸಭೆಗಳು ಊಟದ ಜಾಗಕ್ಕೆ ಫಲಕ ಹಾಕುವಾಗ ಅದರಲ್ಲಿ ಹಾಕಬಾರದ್ದರ ನಾಲ್ಕು ಸಾಲು ಕನ್ನಡದಲ್ಲಿ ಬರೆಸಲಿ. ಪ್ರತಿ ಪಶು ಆಸ್ಪತ್ರೆಯ ಗೋಡೆಯ ಮೇಲೂ ಬರಲಿ. ದ್ರಾಕ್ಷಿಯ ಕೆಳಗೇ ಹುಣಸೆಯ ಹೆಸರಿರಬೇಕು.

ತಿಂದುಬಿಟ್ಟಿದೆ ಎಂದು ಗೊತ್ತಾದಾಗ ಗಡಿಯಾರ ನೋಡಿಕೊಳ್ಳಿ. ಮೊದಲ ಎರಡು ಗಂಟೆಯೊಳಗೆ ವೈದ್ಯರ ಹತ್ತಿರ ಹೋದರೆ ವಾಂತಿ ಮಾಡಿಸಿ ಬಹುಪಾಲು ಹೊರತೆಗೆಯಬಹುದು. ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ. ರಕ್ತದಲ್ಲಿ ಉಪ್ಪಿನಂಶ ಏರಿ ಅದರಿಂದಲೇ ನಾಯಿಗೆ ಫಿಟ್ಸ್ ಬರಬಹುದು. ಗೊರಟೆ ನುಂಗಿದ ನಾಯಿಗೆ ವಾಂತಿ ಮಾಡಿಸಲು ಹೋದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಹೊರಡುವ ಮುನ್ನವೇ ಫೋನಿನಲ್ಲಿ ಏನು ತಿಂದಿದೆ, ಎಷ್ಟು, ಎಷ್ಟು ಹೊತ್ತಿಗೆ, ನಾಯಿಯ ತೂಕವೆಷ್ಟು ಎಂಬಿಷ್ಟನ್ನು ಹೇಳಿ. ಡ್ರಿಪ್ ಹಾಕಿ ಎರಡು ಮೂರು ದಿನ ನೋಡಿಕೊಳ್ಳುವ ವ್ಯವಸ್ಥೆ ಅಲ್ಲಿದೆಯೇ ಎಂದೂ ಆಗಲೇ ಕೇಳಿ. ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯಬೇಕೇ ಎಂಬುದನ್ನು ಅವರೇ ಹೇಳುತ್ತಾರೆ.

ದ್ರಾಕ್ಷಿ, ಹುಣಸೆ ತಿಂದ ನಾಯಿ ಮೊದಲ ದಿನ ಒಂದೆರಡು ಸಲ ವಾಂತಿ ಮಾಡಿ ಮತ್ತೆ ಬಾಲ ಆಡಿಸುತ್ತ ಓಡಾಡಬಹುದು. ಕಿಡ್ನಿಗೆ ಆದ ಪೆಟ್ಟು ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಲ್ಲಿ ಕಾಣುವುದು 24 ಗಂಟೆಯಿಂದ 72 ಗಂಟೆಯ ನಡುವೆ. ಮೊದಲ ವರದಿ ಸರಿಯಿದೆಯೆಂದು ಮನೆಗೆ ಕರೆತಂದವರು ಮರುದಿನವೂ ಅದರ ಮಾರನೆಯ ದಿನವೂ ಮತ್ತೆ ರಕ್ತ ಕೊಡಿಸಬೇಕು. ಈ ಮೂರು ದಿನ ನಾಯಿ ಎಷ್ಟು ಸಲ, ಎಷ್ಟು ಉಚ್ಚೆ ಹೊಯ್ಯುತ್ತದೆ ಎಂದು ಮನೆಯಲ್ಲಿ ಒಬ್ಬರು ಗಮನವಿಟ್ಟು ನೋಡಬೇಕು. ಅದು ಕಡಿಮೆಯಾಯಿತೆಂದರೆ ಬೆಳಗಾಗಲೆಂದು ಕಾಯದೆ ಅದೇ ರಾತ್ರಿ ಹೊರಡಬೇಕು.